ಗೇಟಿನಷ್ಟು ದೂರ

ಮನೆಯಿಂದ,
೧೪ನೇ ತಾರೀಕು, ಭಾನುವಾರ

ಪ್ರೀತಿಯ ಅಪ್ಪಾ,

ಮಂಡಿ ಈಗ ಹೇಗಿದೆ? ಆಪರೇಷನ್ ಆದ ಮೇಲೂ ಕೋಲು ಹಿಡಿಯುವುದಿಲ್ಲವೆಂದು ಹಟ ಮಾಡುತ್ತೀರಂತೆ, ಅಣ್ಣ ಫೋನಿನಲ್ಲಿ ಗೋಳಾಡಿದ. ನನಗೆ ಹಟ ಎಲ್ಲಿಂದ ಬಂತೆಂದು ಇನ್ನು ಯಾರೂ ಕೇಳಬೇಕಾಗಿಲ್ಲ.

ನೀವು ಬರೆದು ಕಳಿಸಿದ ಕ್ಷಮಾಪಣೆಯ ಕರಡು ತಲುಪಿತು. ಅದಕ್ಕೆ ನಾನು ಸಹಿ ಹಾಕುವುದಿಲ್ಲ. ಬೈಯುವುದಿದ್ದರೆ ಪೂರ್ತಿ ಓದಿ ಬೈಯಿರಿ. ಮಗಳು ತುಂಬಿದ ಕೋರ್ಟಿನಲ್ಲಿ ನ್ಯಾಯಾಧೀಶರಿಗೆ ಎದುರಾಡಿದಳು, ಅವರು ವಕೀಲರ ಪರಿಷತ್ತಿಗೆ ದೂರು ಕೊಟ್ಟರು ಎಂದಷ್ಟೇ ನಿಮ್ಮ ಕಿವಿಗೆ ಬಿದ್ದಿದೆ. ನಡೆದದ್ದು ಹೀಗೆ. ನನ್ನ ಕಕ್ಷಿದಾರಳು ಹೊಲಿಗೆಯವಳು. ಮಾಲೀಕನ ಅಂಗಡಿಗೆ ಬೆಂಕಿ ಇಟ್ಟಳೆಂದು ಆರೋಪ. ಅವಳನ್ನು ಅಲ್ಲಿ ಕಂಡೆ ಎನ್ನುವವನು ಒಬ್ಬನೇ, ಪಕ್ಕದ ಗೋದಾಮಿನ ಕಾವಲುಗಾರ. ಕತ್ತಲಲ್ಲಿ ಎಷ್ಟು ದೂರದಿಂದ ನೋಡಿದೆಯಪ್ಪ ಎಂದು ಕೇಳಿದೆ. "ಇಷ್ಟು ದೂರದಿಂದ" ಎಂದು ಕಟಕಟೆಯಿಂದಲೇ ಕೈ ಚಾಚಿ, ಕಿಟಕಿಯಾಚೆ ಅಂಗಳದ ಕೊನೆಯಲ್ಲಿರುವ ಗೇಟನ್ನು ತೋರಿಸಿದ. ಅಷ್ಟು ದೂರದಲ್ಲಿ ನಿಂತರೆ ಹಗಲಲ್ಲೇ ನನಗೆ ನಿಮ್ಮ ಗುರುತು ಸಿಗಲಿಕ್ಕಿಲ್ಲ. ಟೈಪಿಸ್ಟ್ ಮಾತ್ರ "ಇಷ್ಟು ದೂರದಿಂದ ನೋಡಿದೆ" ಎಂದಷ್ಟೇ ಹೊಡೆದರು. ಚಾಚಿದ ಕೈ ಕಾಗದಕ್ಕೆ ಇಳಿಯುವುದಿಲ್ಲವಲ್ಲ.

ಗೇಟು ತೋರಿಸಿದ್ದು ದಾಖಲಾಗಲಿ ಎಂದೆ. "ಎಲ್ಲರೂ ನೋಡಿದ್ದೀವಲ್ರೀ, ಕೂತ್ಕೊಳ್ಳಿ" ಎಂದರು ನ್ಯಾಯಾಧೀಶರು. "ಇಲ್ಲಿರೋರು ನೋಡಿದ್ವಿ ಸ್ವಾಮಿ, ಮೇಲಿನ ಕೋರ್ಟಿನೋರು ನೋಡಿಲ್ವಲ್ಲ" ಎಂದೆ. ಅವರಿಗೆ ಉರಿದುಹೋಯಿತು, ಎಲ್ಲರೆದುರೇ ಬೈದರು. ನಾನು ನಿಮ್ಮ ಜೂನಿಯರ್ ಆಗಿದ್ದಾಗ, ಮಾತು ಮೀರಿದೆನೆಂದರೆ ಪಕ್ಕದಿಂದ ನೀವು ಒಮ್ಮೆ ಕೆಮ್ಮುತ್ತಿದ್ದಿರಿ, ನಾನು ತೆಪ್ಪಗೆ ಕೂರುತ್ತಿದ್ದೆ. ಅವತ್ತೂ ಆ ಕೆಮ್ಮು ಕಿವಿಯಲ್ಲಿ ಕೇಳಿಸಿತು. ಆದರೂ ಕೂರಲಿಲ್ಲ. ನನ್ನ ಆಕ್ಷೇಪ, ಗೇಟಿನ ಸಮೇತ, ಟೈಪಾಗುವವರೆಗೂ ನಿಂತೇ ಇದ್ದೆ.

ತೀರ್ಪಿನಲ್ಲಿ "ಸಾಕ್ಷಿ ಹತ್ತಿರದಿಂದಲೇ ನೋಡಿದ್ದಾನೆ" ಎಂದು ಬಂತು. ಹೊಲಿಗೆಯವಳು ಜೈಲಿಗೆ ಹೋದಳು. ಮೇಲ್ಮನವಿಯಲ್ಲಿ ಸಾಕ್ಷಿ ಮತ್ತೆ ಬಂದು ಕೈ ಚಾಚುವುದಿಲ್ಲ. ಕಾಗದದಲ್ಲಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಇದನ್ನು ನನ್ನ ತಲೆಗೆ ತುಂಬಿದವರು ನೀವೇ. ಅವಳ ಪಾಲಿಗೆ ಉಳಿದಿರುವುದು ಆ ಒಂದು ಆಕ್ಷೇಪ. ನಿಮ್ಮ ಕರಡಿನ ಎರಡನೆಯ ಸಾಲೇ "ನನ್ನ ಆಕ್ಷೇಪ ಅನುಚಿತವಾಗಿತ್ತು" ಎನ್ನುತ್ತದೆ. ಸಹಿ ಹಾಕಿದರೆ ನನ್ನ ವಕೀಲಿಯ ಸನ್ನದು ಉಳಿಯುತ್ತದೆ, ಎದುರು ವಕೀಲರು ಅದೇ ಹಾಳೆ ಹಿಡಿದು ಅವಳಿಗಿರುವ ಒಂದೇ ದಾರಿಯನ್ನೂ ಮುಚ್ಚುತ್ತಾರೆ. ಸನ್ನದು ಹೋದರೆ ಹೋಗಲಿ ಎನ್ನುವಷ್ಟು ಧೈರ್ಯ ನನಗಿಲ್ಲ, ಅಪ್ಪಾ, ಭಯವಾಗುತ್ತದೆ. ಸಹಿ ಮಾತ್ರ ಹಾಕುವುದಿಲ್ಲ.

ಮೇಲ್ಮನವಿಯನ್ನಾದರೂ ನಿಮ್ಮ ಹಿರಿಯ ಗೆಳೆಯರಿಗೆ ಒಪ್ಪಿಸು ಎಂದಿರಿ. ಜೈಲಿಗೆ ಹೋಗಿ ಅವಳನ್ನೇ ಕೇಳಿದೆ. ಅವರದು ದೊಡ್ಡ ಹೆಸರು, ಫೀಸೂ ಕೇಳುವುದಿಲ್ಲ ಎಂದು ಬಿಡಿಸಿ ಹೇಳಿದೆ. ನನ್ನ ತೋಳಿನ ಬಿಚ್ಚಿಹೋದ ಹೊಲಿಗೆಯನ್ನೇ ನೋಡುತ್ತಾ, "ಬೈಸ್ಕೊಂಡೋರೇ ಮಾತಾಡ್ಲಿ ಮೇಡಂ" ಎಂದಳು. ನಾನೇ ವಾದಿಸುತ್ತೇನೆ.

ಅಣ್ಣನಿಗೂ ಅತ್ತಿಗೆಗೂ ನನ್ನ ನೆನಪು ಹೇಳಿ. ಹೊತ್ತಿಗೆ ಸರಿಯಾಗಿ ಮಾತ್ರೆ ತೆಗೆದುಕೊಳ್ಳಿ, ಕೋಲು ಹಿಡಿಯಿರಿ.

ನಿಮ್ಮ ಮಗಳು,
ಸದ್ಯಕ್ಕಂತೂ ವಕೀಲೆ

ಬರೆಯಲು ಮರೆತೆ: ಮೇಲ್ಮನವಿ ಗುರುವಾರ ವಿಚಾರಣೆಗೆ ಬರುತ್ತದೆ. ಅಣ್ಣ ಕಾರಿನಲ್ಲಿ ಕರೆತರುತ್ತಾನೆ, ಕೇಳಿದ್ದೇನೆ. ನೀವು ಅಲ್ಲಿರಬೇಕೆಂದು ತುಂಬಾ ಆಸೆ. ಬನ್ನಿ, ಹಿಂದಿನ ಬೆಂಚಿನಲ್ಲಿ ಕೂತು ಬೇಕಾದಷ್ಟು ಕೆಮ್ಮಿ. ನಾನು ಕೂರುವುದಿಲ್ಲ.