ಹಳದಿ ನನ್ನ ತಟ್ಟೆಗೆ

ನವಸಾರಿ, ಮಂಗಳವಾರ ಬೆಳಿಗ್ಗೆ

ಡಾಕ್ಟರ್ ಕೇಕೋಬಾದರಿಗೆ ಖೋರ್ಶೆದಳ ಸಾಹೇಬ್‌ಜಿ, ನಮಸ್ಕಾರ.

ನನ್ನ ಗಂಡನ ರಕ್ತನಾಳದಲ್ಲಿ ಕೊಬ್ಬು ಕಟ್ಟಿದೆಯೆಂದು ನೀವು ಅವರಿಗೆ ಮೊಟ್ಟೆಯ ಹಳದಿ ತಿನ್ನುವುದನ್ನು ಬಿಡಿಸಿದಿರಿ. ಬೆಂಡೆಕಾಯಿ ಪಲ್ಯದ ಮೇಲೂ ಮೊಟ್ಟೆ ಒಡೆದು ಹಾಕುವ ಪಾರ್ಸಿಗಳು ನಾವು. ಎಸೆಯಲು ಮನಸ್ಸು ಬರಲಿಲ್ಲ. ಅಂದಿನಿಂದ ಬಿಳಿ ಅವರಿಗೆ, ಹಳದಿ ನನಗೆ. "ಹೆಂಗಸರಿಗೆ ಇದೆಲ್ಲ ತಟ್ಟಲ್ಲ, ಆರಾಮಾಗಿ ತಿನ್ನಿ ಖೋರ್ಶೆದ್‌ಬಾಯಿ" ಎಂದು ನೀವೇ ನಕ್ಕಿದ್ದಿರಿ. ಆಗ ನನಗಿನ್ನೂ ಮುಟ್ಟು ನಿಂತಿರಲಿಲ್ಲ. ಅದು ನಿಂತು, ಹೃದಯಕ್ಕೆ ಅದರ ಕಾವಲೂ ತಪ್ಪಿ ವರ್ಷಗಳಾದವು, ಹಳದಿ ನಿಂತಿಲ್ಲ.

ನಿನ್ನೆಯಿಂದ ದವಡೆ ಸೆಳೆಯುತ್ತಿದೆ, ಮೈ ತಣ್ಣಗೆ ಬೆವರುತ್ತಿದೆ. "ಗ್ಯಾಸು ಕಣೇ, ಶುಂಠಿ ಅಗಿ" ಎನ್ನುತ್ತಾರೆ ಇವರು. ಮೆಟ್ಟಿಲು ಇಳಿಯಲಾಗದೆ ಹಾಲಿನವಳ ಕೈಯಲ್ಲಿ ಇದನ್ನು ಕಳಿಸಿದ್ದೇನೆ. ಕೂಡಲೇ ಬನ್ನಿ.

ನಿಮ್ಮನ್ನು ಕಂಡೊಡನೆ ಇವರು ಎಂದಿನಂತೆ ಬಿಪಿ ನೋಡಿಸಲು ಅಂಗಿಯ ತೋಳು ಮೇಲೇರಿಸಿ ಕೈ ಚಾಚುತ್ತಾರೆ. ಅವರನ್ನು ದಾಟಿ ಒಳಗೆ ಬನ್ನಿ.

ಖೋರ್ಶೆದ್