ಒಂಟಿತನ: ಇಲ್ಲ

ಸೋಫಿಯಾ, 23 ನವೆಂಬರ್ 1993

ಸಮಾಜವಿಜ್ಞಾನಕ್ಕೆ ನನ್ನ ಘನ ಕೊಡುಗೆ: ವಾರಕ್ಕೆ ನಲವತ್ತು ಮನೆಗಳ ಸಮೀಕ್ಷೆ, ಅಷ್ಟೂ ನಮ್ಮ ಅಡುಗೆಮನೆಯಲ್ಲೇ ಕೂತು, ಉತ್ತರಗಳನ್ನೂ ನಾನೇ ಬರೆದು. ಕಮ್ಯುನಿಸ್ಟರು ಹೋದರೂ ಕಾಗದದ ಮೇಲೆ ಗುರಿ ಮುಟ್ಟುವ ಅವರ ವಿದ್ಯೆ ನನ್ನ ಕೈಬಿಟ್ಟಿಲ್ಲ.

ಇವತ್ತು ಒಂದು ನಮೂನೆಗೆ ಮನೆಯವರ ಸಹಿ ಬಿಟ್ಟುಹೋಗಿದೆ ಎಂದು ಮೇಲಿನವರು ಅಟ್ಟಿದರು. ನಾಲ್ಕು ಮಹಡಿ ಹತ್ತಿದರೆ ಬಾಗಿಲಿಗೆ ಸಾವಿನ ಸುದ್ದಿಯ ಚೀಟಿ ಅಂಟಿಸಿದೆ, ಮನೆಯ ಯಜಮಾನ ಅಸ್ಪರೂಖನ ಫೋಟೋ ಸಮೇತ. ಸತ್ತದ್ದು ಹದಿನಾಲ್ಕನೇ ತಾರೀಖಿಗೆ. ನಾನು ಆತನನ್ನು 'ಮಾತಾಡಿಸಿದ್ದು' ಹದಿಮೂರಕ್ಕೆ. ಮುಖ ನೋಡಿದ್ದು ಇವತ್ತೇ ಮೊದಲು.

ಹೆಂಡತಿ ರುಸಿಯ್ಕಾ ನಮೂನೆಯ ಮೇಲಿನ ತಾರೀಖು ನೋಡಿ ನನ್ನ ಕೈ ಹಿಡಿದುಕೊಂಡರು. "ನಾನು ತಂಗಿ ಮನೇಲಿದ್ದೆ ಕಣಪ್ಪ. ಕೊನೇಲಿ ಮಾತಾಡಿಸಿದೋನು ನೀನೇ. ಏನಂದ್ರು?"

ಓದಿದೆ. "ಬದುಕಿನ ತೃಪ್ತಿ: ಹತ್ತಕ್ಕೆ ಒಂಬತ್ತು."

"ಒಂಬತ್ತಾ! ನನ್ನ ಬೀನ್ಸ್ ಸಾರಿಗೆ ನಾಲ್ಕೂ ಕೊಟ್ಟೋರಲ್ಲ, ಜಿಪುಣ. ಮುಂದೆ?"

"ಒಂಟಿತನ: ಇಲ್ಲ."

ನಗು ನಿಂತಿತು. "ನಾನಿಲ್ದೇ ಇದ್ರೂನಾ?"

"ಅಯ್ಯೋ, ನಿಮ್ಮನ್ನ ತುಂಬ ನೆನೆಸ್ಕೊಂಡ್ರು ಅಮ್ಮಾ."

"ಎಲ್ಲಿ ಬರೆದಿದೆ, ತೋರ್ಸು."

ಆ 'ಇಲ್ಲ' ನಾನೇ ಬರೆದದ್ದು ಎಂದು ನಿಜ ಹೇಳಿದ್ದರೆ ಆಕೆಗೆ ತನ್ನ ಗಂಡ ವಾಪಸ್ ಸಿಗುತ್ತಿದ್ದ, ನನ್ನ ಕೆಲಸ ಹೋಗುತ್ತಿತ್ತು. ಸಹಿ ಹಾಕುವ ಜಾಗ ತೋರಿಸಿದೆ.