ಹರಿಹರದ ಹರಿವೆಸೊಪ್ಪು

ದಾವಣಗೆರೆ, ೧೯೬೧

ನೆಗೆಣ್ಣಿ ನಿರ್ಮಲಮ್ಮನಿಗೆ,

ಈ ಕಾಗದವನ್ನು ನಾನು ಅಂಚೆಗೆ ಹಾಕುವುದಿಲ್ಲ.

ಬಾಣಂತನ ಮುಗಿದರೂ ಬಿಳಿಚಿಕೊಂಡಿದ್ದ ನನ್ನ ಸೊಸೆ ಹರಿಹರದ ನಿಮ್ಮ ಮನೆಯಲ್ಲಿ ಎರಡು ತಿಂಗಳಿದ್ದು ಬಂದಳಲ್ಲ, ಇವತ್ತು ಡಾಕ್ಟರು ಅವಳ ಕಣ್ಣು ಬಿಡಿಸಿ ನೋಡಿ, "ರಕ್ತ ಚಲೋ ಆಗೈತಲ್ಲ, ಏನು ತಿಂದ್ಯಮ್ಮ?" ಎಂದರು.

"ಚಿಕ್ಕತ್ತೆ ಹಿತ್ತಲ ಹರಿವೆಸೊಪ್ಪು. ದಿನಾ ಆಗಿಂದಾಗ ಕಿತ್ತು ಪಲ್ಯ ಮಾಡಿ ಹಾಕೋರು," ಎಂದಳು, ನನ್ನ ಎದುರಿಗೇ.

"ನಮ್ಮನೇಲಿ ಉಪವಾಸ ಕೆಡವಿದ್ವೇನು?" ಎಂದೆ.

"ಪೇಟೆಯ ಬಾಡಿದ ಸೊಪ್ಪಿನಾಗೆ ಆ ಸತ್ವ ಎಲ್ಲಿ ಬರ್ಬೇಕ್ರಿ, ಅಮ್ಮಾರೆ?" ಎಂದು ಡಾಕ್ಟರು ನಕ್ಕರು. ನನ್ನ ಮೈಯೆಲ್ಲ ಉರಿಯಿತು.

ಮನೆಗೆ ಬಂದವಳೇ ಹಿತ್ತಲಲ್ಲಿ ಮಣ್ಣು ಅಗೆದು ಮಡಿ ಮಾಡಿ ಹರಿವೆ ಬೀಜ ಚೆಲ್ಲಿದೆ. "ಮರಳು ಬೆರೆಸಿ ಚೆಲ್ಲಬೇಕಿತ್ರಿ ಅತ್ತೆ, ಇಲ್ಲಾಂದ್ರೆ ಒಂದೇ ಕಡೆ ಗುಂಪಾಗಿ ಹುಟ್ತೈತೆ," ಎಂದಳು ಸೊಸೆ. ಅದೂ ನೀನು ಕಲಿಸಿದ್ದೇ.

ಮನೆ ಪಾಲಾಗುವ ಮೊದಲು ಸೊಪ್ಪು ಹಾಕಲು ನೀನು ಎರಡು ಸಲ ಕೇಳಿದ್ದೂ ಇದೇ ಜಾಗವನ್ನು. ನಾನು ಬಿಟ್ಟುಕೊಡಲಿಲ್ಲ.

ಕಸ್ತೂರಮ್ಮ